ಅಕ್ಕ ಇಳಿಸಿದ ತೆಂಗಿನಕಾಯಿ

ಅರ್ಧ ಕಿಲೋ ಬಾದಾಮಿ ಹಿಟ್ಟಿಗೆ ಐನೂರ ಎಂಬತ್ತು ರೂಪಾಯಿ ಕೊಟ್ಟು ಬಂದೆ. ಮೂಡುಬಿದಿರೆಯ ಪೇಟೆಯಲ್ಲಿ ಗಾಜಿನ ಬಾಗಿಲಿನ ಒಂದು ಅಂಗಡಿ ಉಂಟು, ಅಲ್ಲಿ. "ಸ್ವಲ್ಪ ನೋಡಿ ಹೇಳಿ ಮಾರಾಯ್ರೆ" ಎಂದರೆ ಅಂಗಡಿಯ ಹುಡುಗಿ ಪೊಟ್ಟಣ ತಿರುಗಿಸಿ ಅಚ್ಚಾದ ಬೆಲೆಯನ್ನು ತೋರಿಸಿ ನಕ್ಕಳು. ಬೆಲೆಯನ್ನು ಮೊದಲೇ ಅಚ್ಚು ಹಾಕಿಸಿಬಿಟ್ಟರೆ ವ್ಯಾಪಾರದಲ್ಲಿ ಮಾತಾಡಲಿಕ್ಕೆ ಉಳಿಯುವುದೇನು? ನಾನೂ ಬಿಡಲಿಲ್ಲ. ಕೊನೆಗೆ ಒಂದು ಬಟ್ಟೆಯ ಚೀಲ ಪುಕ್ಕಟೆ ಕೊಟ್ಟಳು.

ಯಾಕೆ ಕೊಂಡೆ ಎಂದು ಕೇಳುತ್ತೀರಿ. ನನ್ನ ಅಕ್ಕನ ಕಿರಿಯ ಮಗಳು ವಿಮಲ ನಾಲ್ಕು ದಿನ ಇರಲು ಬಂದಿದ್ದಾಳೆ. ಅರುವತ್ತು ದಾಟಿದ್ದಾಳೆ, ಮಂಡಿನೋವು, ಮೆಟ್ಟಲು ಹತ್ತುವಾಗ ಏದುಸಿರು. ಬರುವ ಮೊದಲೇ ಫೋನಿನಲ್ಲಿ ಹೇಳಿದಳು: "ಮಾವ, ನನಗೆ ಅನ್ನ ಇಡಬೇಡಿ. ನಾನು ಕೀಟೋ ಶುರು ಮಾಡಿದ್ದೇನೆ." ಅನ್ನ, ಸಕ್ಕರೆ, ಗೆಡ್ಡೆ, ಹಣ್ಣು ಇಲ್ಲ. ಮೀನು, ಮೊಟ್ಟೆ, ತುಪ್ಪ, ತೆಂಗಿನಕಾಯಿ, ಸೊಪ್ಪುಗಳಲ್ಲೇ ಹೊಟ್ಟೆ ತುಂಬಿಸಬೇಕು. ಅನ್ನ ಸಿಗದ ದೇಹ ಬೇರೆ ದಾರಿ ಕಾಣದೆ ತಾನು ಕೂಡಿಟ್ಟ ಕೊಬ್ಬನ್ನೇ ಉರಿಸುತ್ತದಂತೆ. ಸತ್ಯ ಹೇಳುತ್ತೇನೆ, ನನಗೆ ಬೇಸರವಾಯಿತು. ನಮ್ಮ ಮನೆಗೆ ಬಂದು ನಮ್ಮ ಅನ್ನ ಬೇಡ ಎನ್ನುವುದೆಂದರೇನು? ಆ ಬೇಸರ ಮುಚ್ಚಿಕೊಳ್ಳಲಿಕ್ಕೇ, ಅವಳು ತಿನ್ನಬಹುದಾದ ರೊಟ್ಟಿಗೆ ಅಂತ ಈ ಹಿಟ್ಟು ತಂದದ್ದು.

ಇವತ್ತು ಬೆಳಿಗ್ಗೆ ವಿಮಲ ಚಹಾ ಕೊಡಲು ಬಗ್ಗಿದಳು. ನನ್ನ ಕಿವಿ ಮಂದವಾದ್ದರಿಂದ ಹತ್ತಿರ ಬಂದು ಮಾತಾಡಿದಳು. ಆಗ ಅವಳ ಉಸಿರಿನಲ್ಲಿ, ಅಟ್ಟದಲ್ಲಿ ಇಟ್ಟು ಮರೆತ ಬಾಳೆಗೊನೆಯ ವಾಸನೆ ಬಂತು. ನನ್ನ ಮುಖ ನೋಡಿ ಅವಳು ತಟ್ಟನೆ ಬಾಯಿಗೆ ಸೆರಗು ಹಿಡಿದಳು.

"ವಾಸನೆ ಬರ್ತದಲ್ಲ ಮಾವ? ಮನೆಯಲ್ಲಿ ಎಲ್ಲರೂ ಹೇಳ್ತಾರೆ. ಸಾಕಾಯ್ತು ನನಗೆ. ಇವತ್ತು ಮಧ್ಯಾಹ್ನ ಅನ್ನವೇ ಬಡಿಸಿ. ಬಿಟ್ಟುಬಿಡ್ತೇನೆ ಇದನ್ನು."

ನಾನು ಚಹಾದ ಲೋಟ ಕೆಳಗಿಟ್ಟೆ. ಅರುವತ್ತು ವರ್ಷಗಳ ಮೇಲೆ ಮತ್ತೆ ಆ ವಾಸನೆ! "ಕೂತುಕೋ" ಎಂದೆ, "ನಿನ್ನ ಅಮ್ಮನ ಒಂದು ವಿಷಯ ಹೇಳಲಿಕ್ಕುಂಟು."

ನೀವೂ ಕೂತುಕೊಳ್ಳಿ.

ನಮ್ಮದು ನರಿಕೊಂಬಿನಲ್ಲಿ ಹೊಳೆಯ ಬದಿಯ ಮನೆ. ನಮ್ಮಲ್ಲಿ ಮನೆ ಹೆಣ್ಣುಮಕ್ಕಳದ್ದು. ಭಾವ ಮುಂಬಯಿಯಲ್ಲಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು, ವರ್ಷಕ್ಕೊಮ್ಮೆ ಬರುವವರು. ಹಾಗಾಗಿ ಅಕ್ಕ ಮಕ್ಕಳನ್ನು ಕಟ್ಟಿಕೊಂಡು ಅಮ್ಮನ ಜತೆಗೇ ಇದ್ದಳು. ನಾನು ಹೊಳೆಯ ಆಚೆ ಬಂಟ್ವಾಳ ಪೇಟೆಯಲ್ಲಿ ಕೊಬ್ಬರಿ ಅಂಗಡಿ ಇಟ್ಟಿದ್ದೆ. ಯಾರೂ ಇಟ್ಟುಕೊಟ್ಟದ್ದಲ್ಲ. ಬೆಳ್ತಂಗಡಿ, ಅಳದಂಗಡಿಯ ಮನೆಮನೆಗೆ ನಡೆದು, ಅಂಗಳದಲ್ಲಿ ಕೂತು, ಮಜ್ಜಿಗೆ ಕುಡಿದು, ದರಕ್ಕೆ ಜಗಳಾಡಿ ತೆಂಗಿನಕಾಯಿ ಕೊಳ್ಳುತ್ತಾ ಬೆಳೆದದ್ದು. ಕೊಬ್ಬರಿಯವನಿಗೆ ಬೇಕಾದ್ದು ಮೂಗು ಮತ್ತು ತಕ್ಕಡಿ. ಗೋಣಿಯ ಬಾಯಿ ಬಿಚ್ಚಿದೊಡನೆ ಒಳಗೆ ಬೂಸಲು ಹಿಡಿದ ಕೊಬ್ಬರಿ ಉಂಟೋ ಇಲ್ಲವೋ ಎಂದು ನಾನು ಹೇಳಬಲ್ಲೆ ಎಂದು ಊರಿಗೇ ಹೆಸರಾಗಿತ್ತು. ಸ್ವಲ್ಪ ಹೆಸರು ನಾನೇ ಮಾಡಿಕೊಂಡದ್ದು ಎನ್ನಿ.

ಅಕ್ಕ ದಪ್ಪ. ಪ್ರತಿ ಹೆರಿಗೆಯ ಮೇಲೂ ಒಂದು ಸುತ್ತು ಹೆಚ್ಚಿದ್ದಳು. ಕಿರಿಯವಳಾದ ಈ ವಿಮಲ ಹುಟ್ಟಿದ ಮೇಲೆ ಹೊಕ್ಕುಳಿನಲ್ಲಿ ಒಂದು ಗಂಟು ಎದ್ದಿತು. ಮೊದಲು ನಿಂಬೆಯಷ್ಟಿದ್ದದ್ದು ಕೆಲವು ವರ್ಷಗಳಲ್ಲಿ ಮುಷ್ಟಿಯಷ್ಟಾಯಿತು. ಕೆಮ್ಮಿದರೆ ನೋವು, ಕೊಡ ಎತ್ತಿದರೆ ನೋವು. ಮಂಗಳೂರಿನ ದೊಡ್ಡ ಡಾಕ್ಟರರಲ್ಲಿಗೆ ಕರಕೊಂಡು ಹೋದೆ. ಅವರು ಮುಟ್ಟಿ ನೋಡಿ ಹೇಳಿದರು: "ಇದು ಹರ್ನಿಯಾ. ಕೊಯ್ದು ಹೊಲಿಯಬೇಕು. ಆದರೆ ಇಷ್ಟು ಕೊಬ್ಬಿನಲ್ಲಿ ನನ್ನ ಹೊಲಿಗೆ ನಿಲ್ಲುವುದಿಲ್ಲ. ತೂಕ ಇಳಿಸಿಕೊಂಡು ಬನ್ನಿ. ತಡ ಮಾಡಬೇಡಿ, ಕರುಳು ಅಲ್ಲಿ ಸಿಕ್ಕಿಕೊಂಡರೆ ಜೀವಕ್ಕೆ ಅಪಾಯ." ಇಳಿಸುವುದು ಹೇಗೆ ಎಂದರೆ, ಇವತ್ತು ವಿಮಲ ಹೇಳಿದ್ದನ್ನೇ ಅವರು ಅಂದು ಹೇಳಿದ್ದರು. ಕೀಟೋ ಎಂಬ ಹೆಸರು ಮಾತ್ರ ಹೇಳಿರಲಿಲ್ಲ. ಗಂಜಿ ಬಿಡಿ, ಅನ್ನ ಬಿಡಿ, ಬೆಲ್ಲ ಬಿಡಿ. ಮೀನು ತಿನ್ನಿ, ಎಣ್ಣೆಗೆ ಹೆದರಬೇಡಿ.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ತಿರುಗಿ ಕೂತವಳು ತುಂಬೆ ಊರು ದಾಟಿದ ಮೇಲೆ ಬಾಯಿ ಬಿಟ್ಟಳು: "ತಮ್ಮ, ಜೀವ ಇರುವವರೆಗೆ ಗಂಜಿ ಇಲ್ಲವಾ? ಅದಕ್ಕಿಂತ ಈ ಗಂಟೇ ಇರಲಿ."

ನಾನು ವ್ಯಾಪಾರಿ. ಪೂರಾ ಬೆಲೆಯನ್ನು ಒಂದೇ ಸಲ ಕೇಳಿದರೆ ಗಿರಾಕಿ ಎದ್ದು ಹೋಗುತ್ತಾನೆ ಎಂದು ಗೊತ್ತು. "ಯಾರು ಹೇಳಿದ್ದು ಜೀವ ಇರುವವರೆಗೆ ಅಂತ? ಗುರುವಾರದವರೆಗೆ ಬಿಡು. ಆಮೇಲೆ ನೋಡುವ" ಎಂದೆ. ಗುರುವಾರ ಬಂದಾಗ, "ಇಷ್ಟು ಮಾಡಿದ್ದನ್ನು ಹೊಳೆಗೆ ಹಾಕುವುದಾ? ಮುಂದಿನ ಗುರುವಾರ ನೋಡುವ" ಎಂದೆ. ಹೀಗೆ ಎಷ್ಟೋ ಗುರುವಾರಗಳು ದಾಟಿದವು. "ಮಾರಾಯ, ನಿನ್ನ ಗುರುವಾರ ಪಂಚಾಂಗದಲ್ಲಿ ಉಂಟಾ?" ಎಂದು ಅಕ್ಕನೇ ಕೇಳುವಂತಾಯಿತು.

ಮೊದಲ ವಾರ ಅವಳಿಗೆ ತಲೆನೋವು, ಕಣ್ಣು ಕತ್ತಲೆ, ಕಾಲಿನಲ್ಲಿ ಬಲವಿಲ್ಲ. ಉಪ್ಪು ಹಾಕಿದ ಮೀನಿನ ತಿಳಿಸಾರು ಕುಡಿಸಿದೆ, ಸರಿಯಾಯಿತು. ಸಂಜೆಯ ಬಸ್ಸಿನಲ್ಲಿ ಮಂಗಳೂರಿನ ಬಂಗುಡೆ, ಬೂತಾಯಿ ಮೀನು ಬರುತ್ತಿತ್ತು. ತೆಂಗಿನೆಣ್ಣೆಗೆ ನನ್ನಲ್ಲಿ ಏನು ಬರಗಾಲ! ಕಷ್ಟ ಇದ್ದದ್ದು ಹೊಟ್ಟೆಯದ್ದಲ್ಲ, ಅಮ್ಮನದ್ದು.

ಒಂದು ಮನೆಯಲ್ಲಿದ್ದುಕೊಂಡು ಆ ಮನೆಯ ಅನ್ನ ಬೇಡ ಎನ್ನುವುದು ನಮ್ಮಲ್ಲಿ ಜಗಳವಾದಾಗ ಮಾತ್ರ. ಪಾಲು ಕೇಳುವವರು ಹಾಗೆ ಮಾಡುವುದು. ನೆರೆಯವರು ಬೇಲಿಯ ಆಚೆಯಿಂದ, "ಮಗಳಿಗೂ ನಿಮಗೂ ಮಾತಿಲ್ಲವಾ?" ಎಂದು ಕೇಳಿದರಂತೆ. ಅಮ್ಮ ಒಳಗೊಳಗೇ ಕುದಿದಳು. ಅಕ್ಕ ಬಟ್ಟಲಿನಲ್ಲಿ ಮೀನು ಸಾರು ಹಾಕಿ ತಿನ್ನುವಾಗ ಅಮ್ಮ ಗೋಡೆಗೆ ಹೇಳಿದ ಹಾಗೆ ಹೇಳುವಳು: "ಅನ್ನ ಇಲ್ಲದೆ ಮೀನು ತಿನ್ನುವುದು ಬೆಕ್ಕು. ನಾನು ಹೆತ್ತದ್ದು ಮಗಳನ್ನು ಅಂತ ತಿಳಿದಿದ್ದೆ."

ವಾರಕ್ಕೊಮ್ಮೆ ಅಂಗಡಿ ತೆರೆಯುವ ಮೊದಲು ಅಕ್ಕನನ್ನು ಕೊಬ್ಬರಿಯ ದೊಡ್ಡ ತಕ್ಕಡಿಯಲ್ಲಿ ಕೂರಿಸಿ ತೂಗುತ್ತಿದ್ದೆ. ಮನುಷ್ಯರನ್ನು ತೂಗುವ ಯಂತ್ರ ನಮ್ಮ ಪೇಟೆಯಲ್ಲಿ ಎಲ್ಲಿತ್ತು? "ನಾನೇನು ಗೋಣಿಯಾ?" ಎಂದು ಬೈಯುತ್ತಲೇ ಕೂರುವಳು. ಒಂದು ವಾರ ತೂಕ ಇಳಿಯಲಿಲ್ಲ. ಅವಳ ಮುಖ ಬಾಡಿತು. ನನ್ನ ಬೆರಳು ತಾನಾಗಿ ಸರಪಳಿಯ ಮೇಲೆ ಹೋಯಿತು. ಅಕ್ಕ ಕಣ್ಣೆತ್ತಿ ನೋಡಿದಳು.

"ಬೆರಳು ತೆಗಿ. ಗಿರಾಕಿಗಳಿಗೆ ಮಾಡುವುದನ್ನು ನನಗೆ ಮಾಡಬೇಡ."

ತೆಗೆದೆ. ಅಂದಿನಿಂದ ಆ ತಕ್ಕಡಿಯ ಮೇಲೆ ನಮಗಿಬ್ಬರಿಗೂ ನಂಬಿಕೆ ಬಂತು.

ಅಷ್ಟರಲ್ಲಿ ಹೊಸ ಅಕ್ಕಿಯ ಊಟ ಬಂತು. ಗದ್ದೆಯ ಹೊಸ ಪೈರಿನ ಅಕ್ಕಿಯನ್ನು ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವ ದಿನ. ಊರೂರಿನಲ್ಲಿರುವವರೂ ಆ ದಿನ ಮನೆ ಸೇರುತ್ತಾರೆ. ಅಕ್ಕ ಎಲೆಯ ಮುಂದೆ ಕೂತು, ಒಂದೇ ಒಂದು ಅಗುಳನ್ನು ಕಣ್ಣಿಗೊತ್ತಿ ಬಾಯಿಗೆ ಹಾಕಿ ಕೈಮುಗಿದಳು. ಅಮ್ಮ ಬಡಿಸುವ ಸೌಟನ್ನು ಹಿಡಿದು ನಿಂತೇ ಇದ್ದಳು. 

ಮಾತು ಬಂದದ್ದು ಮರುದಿನ. ಬೆಳಗ್ಗೆ ಐದು ವರ್ಷದ ಒಂದು ಮಗು ಅಕ್ಕನ ಮಡಿಲಿನಿಂದ ಇಳಿದು ಓಡಿಹೋಗಿ ಅಜ್ಜಿಗೆ ಹೇಳಿತು: "ಅಜ್ಜಿ, ಅಮ್ಮ ಬಾಳೆಹಣ್ಣು ತಿಂದಿದ್ದಾರೆ. ಬಾಯಿ ವಾಸನೆ ಬರ್ತದೆ." ಅಟ್ಟದಲ್ಲಿ ಹಣ್ಣಿಗಿಟ್ಟ ಗೊನೆಯಲ್ಲಿ ಕೆಲವು ಕಡಿಮೆಯೇ ಇದ್ದವು. ಮಕ್ಕಳಿರುವ ಮನೆಯಲ್ಲಿ ಪೂರ್ತಿ ಉಳಿಯುವ ಗೊನೆ ಯಾವುದು, ಹೇಳಿ. ಆದರೆ ಅಮ್ಮನಿಗೆ ಅಷ್ಟೇ ಸಾಕಾಯಿತು.

ನಾನು ಅಂಗಡಿಗೆ ಹೊರಟವನು ಕೂಗು ಕೇಳಿ ಒಳಗೆ ಬಂದೆ. ಅಕ್ಕ ಅಡುಗೆಮನೆಯಲ್ಲಿ ಬಟ್ಟಲು ಮುಂದಿಟ್ಟು ಕೂತಿದ್ದಳು.

"ಹೊಸ ಅಕ್ಕಿ ಬೇಡ ಇವಳಿಗೆ" ಎಂದಳು ಅಮ್ಮ. "ಕದ್ದು ತಿನ್ನುವ ಹಣ್ಣು ಬೇಕು. ನೀನು ಕೊಬ್ಬರಿ ಮೂಸಿ ಹೇಳುವವನಲ್ಲವಾ ಮಗ? ಬಾ, ಇವಳ ಬಾಯಿ ಮೂಸು."

ಅಕ್ಕನ ಕಣ್ಣಲ್ಲಿ ನೀರಿರಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. "ಗಂಜಿ ಬಡಿಸಮ್ಮ" ಎಂದಳು. "ಕಳ್ಳಿ ಅಂತ ಅನ್ನಿಸಿಕೊಂಡು ಬದುಕುವುದಕ್ಕಿಂತ ಈ ಗಂಟು ಒಡೆದು ಸಾಯುವುದು ಮೇಲು."

ಹತ್ತಿರ ಹೋದೆ. ವಾಸನೆ ಇತ್ತು! ಸುಳ್ಳಲ್ಲ, ಮಾಗಿ ಮಾಗಿ ಕಪ್ಪಾದ ಹಣ್ಣಿನ ವಾಸನೆ. ನನ್ನ ಹೆಸರು ನಿಂತದ್ದೇ ಮೂಗಿನ ಮೇಲೆ. ಆ ಮೂಗು ಅಕ್ಕನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಆದರೆ ಹೋದ ವಾರವಷ್ಟೇ ತೂಗಿದಾಗ ಇಳಿದಿತ್ತಲ್ಲ? ಬೆರಳು ತೆಗಿ ಎಂದವಳು ಕದ್ದು ತಿಂದಾಳೇ? ನಾನು ಬಟ್ಟಲನ್ನು ಎತ್ತಿ ಬದಿಗಿಟ್ಟು ಹೇಳಿದೆ: "ನನ್ನ ಮೂಗಿಗೆ ಶೀತವಾಗಿದೆ. ತಕ್ಕಡಿ ಕೇಳುವ. ಅಮ್ಮ, ನೀನೂ ಹೊರಡು."

ಮೂವರೂ ದೋಣಿ ಹತ್ತಿದೆವು. ಮೊದಲೆಲ್ಲ ಅಂಬಿಗ ಅಕ್ಕನನ್ನು ಕಂಡೊಡನೆ, "ಅಕ್ಕೆ, ನೀವು ನಡುವಿಗೇ ಕೂತುಕೊಳ್ಳಿ, ದೋಣಿ ವಾಲ್ತದೆ" ಎನ್ನುತ್ತಿದ್ದ. ಅಂದು ಅವಳು ಅಭ್ಯಾಸದಂತೆ ನಡುವಿಗೆ ಬಂದಾಗ, "ಎಲ್ಲಿ ಬೇಕಾದರೂ ಕೂತುಕೊಳ್ಳಿ ಅಕ್ಕೆ, ಈಗ ತೊಂದರೆ ಇಲ್ಲ" ಎಂದ. ಅಮ್ಮ ಅವನನ್ನೊಮ್ಮೆ ನೋಡಿದಳು, ಮಗಳನ್ನೊಮ್ಮೆ ನೋಡಿದಳು.

ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಮೊದಲ ದಿನ ಅಕ್ಕನಿಗೆ ಸರಿಯಾಗಿ ನಿಂತಿದ್ದ ಕಬ್ಬಿಣದ ತೂಕದ ಕಲ್ಲುಗಳನ್ನೇ ಇಟ್ಟೆ, ಇನ್ನೊಂದರಲ್ಲಿ ಅಕ್ಕನನ್ನು ಕೂರಿಸಿದೆ. ಕಬ್ಬಿಣದ ತಟ್ಟೆ ದಡ್ಡೆಂದು ನೆಲಕ್ಕೆ ಕೂತಿತು, ಅಕ್ಕ ಮೇಲೆ ಎದ್ದಳು. ಆಮೇಲೆ ಸುಲಿದ ತೆಂಗಿನಕಾಯಿಗಳನ್ನು ಒಂದೊಂದಾಗಿ ಅಕ್ಕನ ಬದಿಯಲ್ಲಿ ಇಡುತ್ತಾ ಹೋದೆ. ಇಟ್ಟೆ, ಇಟ್ಟೆ, ಇನ್ನೂ ಇಟ್ಟೆ. ಅವಳ ಮಡಿಲು ತುಂಬಿ, ಕಾಲಿನ ಬುಡ ತುಂಬಿ, ಆಮೇಲೆ ತಕ್ಕಡಿ ಸಮ ನಿಂತಿತು.

"ಅಮ್ಮ, ಸೆರಗು ಒಡ್ಡು" ಎಂದೆ.

ಅಮ್ಮ ಅರ್ಥವಾಗದೆ ಒಡ್ಡಿದಳು. ಆ ಕಾಯಿಗಳನ್ನು ಅವಳ ಸೆರಗಿಗೆ ಹಾಕತೊಡಗಿದೆ. ಕೆಲವು ಬೀಳುವಷ್ಟರಲ್ಲೇ ಸೆರಗು ಕೆಳಗೆ ಜಗ್ಗಿತು. ಅವಳು ಗೋಣಿಯ ಮೇಲೆ ಕೂತಳು. ಉಳಿದವನ್ನೂ ಮಡಿಲಿಗೆ ಪೇರಿಸಿದೆ. "ಇದು ಅಕ್ಕ ಇಳಿಸಿದ್ದು. ಹಣ್ಣು ತಿಂದರೆ ಇಳಿಯುತ್ತದಾ?"

ಅಮ್ಮ ಏಳಲು ನೋಡಿದಳು. ಆಗಲಿಲ್ಲ. ಎರಡೂ ಕೈಗಳಿಂದ ಆ ಭಾರವನ್ನು ತಬ್ಬಿ ಹಿಡಿದು ಕೂತಳು. ಅಕ್ಕನ ಕಡೆ ನೋಡದೆ ಹೇಳಿದಳು:

"ಇಷ್ಟನ್ನು ಹೊತ್ತುಕೊಂಡು ನೀನು ನನಗೆ ಸ್ನಾನಕ್ಕೆ ನೀರು ಎತ್ತುತ್ತಿದ್ದೆಯಾ ಮಗಳೇ?"

ಅಕ್ಕ ತಕ್ಕಡಿಯಲ್ಲೇ ಕೂತು ಅತ್ತಳು. ಸರಪಳಿ ಕಿರುಗುಟ್ಟುತ್ತಿತ್ತು. ನಾನು ಗಿರಾಕಿ ಬಂದನೋ ಎಂದು ನೋಡುವ ನೆಪದಲ್ಲಿ ಹೊರಗೆ ಹೋದೆ.

ಅಂದಿನಿಂದ ಮೀನು ಹುರಿದವಳು ಅಮ್ಮನೇ. ನೆರೆಯವರು ಬೇಲಿಯ ಬಳಿ ಬಂದರೆ, "ನಮ್ಮವಳಿಗೆ ಡಾಕ್ಟರರ ಪಥ್ಯ. ನಿಮ್ಮಲ್ಲಿ ಒಳ್ಳೆ ಬಸಳೆ ಉಂಟಾ?" ಎಂದು ಅವರಿಂದಲೇ ಬಸಳೆ ಕೊಯ್ಸಿಕೊಂಡಳು. ಮಂಗಳೂರಿನಲ್ಲಿ ಡಾಕ್ಟರರಿಗೆ ಆ ವಾಸನೆಯ ವಿಷಯ ಹೇಳಿದಾಗ ಅವರು ಜೋರಾಗಿ ನಕ್ಕರು: "ಅದು ಹಣ್ಣಿನದ್ದಲ್ಲ ಮಾರಾಯ್ರೆ. ಕೊಬ್ಬು ಕರಗುವಾಗ ಉಸಿರು ಹಾಗೆ ಬರ್ತದೆ. ನಾನು ಹೇಳಿದ್ದನ್ನು ಇವರು ಸರಿಯಾಗಿ ಮಾಡಿದ್ದಾರೆ ಅಂತ ಅದೇ ಗುರುತು." ಕೊಯ್ದರು, ಹೊಲಿದರು, ಹೊಲಿಗೆ ನಿಂತಿತು. ಮನೆಗೆ ಬಂದ ಕೆಲವು ದಿನಗಳ ಮೇಲೆ ಡಾಕ್ಟರರನ್ನು ಕೇಳಿ ಅಕ್ಕ ಮೊದಲ ಗಂಜಿಗೆ ಕೂತಳು. ಜೀವಮಾನದಲ್ಲಿ ಯಾರಿಗೂ ಒಂದು ಸೌಟಿಗೆ ನಿಲ್ಲಿಸದ ಅಮ್ಮ ಒಂದು ಸೌಟು ಹಾಕಿ, ಎರಡನೆಯದನ್ನು ಎತ್ತಿ, ಮೆಲ್ಲನೆ ಪಾತ್ರೆಗೇ ಸುರಿದಳು. ಅಕ್ಕ ಆಮೇಲೆ ಬಹಳ ಕಾಲ ಬದುಕಿದಳು.

ಇಷ್ಟು ಹೇಳಿ ಮುಗಿಸಿದಾಗ ವಿಮಲಳ ಚಹಾ ಆರಿಹೋಗಿತ್ತು.

"ಮಾವ, ಅಜ್ಜಿಗೆ ಹೋಗಿ ಹೇಳಿದ ಆ ಮಗು ಯಾರು? ನಾನಾ?"

"ನೀನೇ."

ಅವಳು ಸೆರಗನ್ನು ಬಾಯಿಯಿಂದ ತೆಗೆದಳು.  ಆಮೇಲೆ, "ಅಮ್ಮ ಒಂದು ದಿನವೂ ನನಗೆ ಹೇಳಲಿಲ್ಲ" ಎಂದಳು.

ನಾನು ಅಡುಗೆಮನೆಯ ಮೂಲೆಗೆ ಹೋದೆ. ಈ ವಯಸ್ಸಿನಲ್ಲಿ ಒಮ್ಮೆಗೆ ಎರಡು ಕಾಯಿಗಿಂತ ಹೆಚ್ಚು ಹೊರಲಾರೆ, ಆದ್ದರಿಂದ ಮತ್ತೆ ಮತ್ತೆ ಹೋಗಿ ಬಂದೆ. ಅವಳು ಈವರೆಗೆ ಇಳಿಸಿದ್ದು ಎಷ್ಟು ಎಂದು ಕೇಳಿ, ಅಷ್ಟು ತೂಕದ ತೆಂಗಿನಕಾಯಿಗಳನ್ನು ಅವಳ ಮಡಿಲಿಗೆ ಹಾಕಿದೆ. ಅವಳು ಅವನ್ನು ತಬ್ಬಿ ಹಿಡಿದ ರೀತಿ ನೋಡಿ ನನಗೆ ಅಮ್ಮನ ನೆನಪಾಯಿತು. ಮಧ್ಯಾಹ್ನಕ್ಕೆ ಅಕ್ಕಿ ಇಡಬೇಡಿ ಎಂದು ಒಳಗಿದ್ದ ಮನೆಯವರಿಗೆ ಕೂಗಿ ಹೇಳಿದೆ. ಬೇಸರವೆಲ್ಲ ಎಲ್ಲಿ ಹೋಯಿತೋ. ನನಗೂ ಇವತ್ತು ಬಂಗುಡೆ ಮಾತ್ರ ಸಾಕು.

ಈಗ ನಿಮಗೆ ಹೇಳುವುದು. ಈ ಪಥ್ಯ ಹಿಡಿಯುವುದಾದರೆ ಮೊದಲು ಡಾಕ್ಟರರನ್ನು ಕೇಳಿ, ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರಂತೂ ಕೇಳದೆ ಒಂದು ಹೊತ್ತಿನ ಅನ್ನವನ್ನೂ ಬಿಡಬೇಡಿ. ಬಾದಾಮಿ ಹಿಟ್ಟಿಗೆ ದುಡ್ಡು ಸುರಿಯಬೇಡಿ, ಅದೇ ದುಡ್ಡಿಗೆ ಮನೆಮಂದಿಗೆಲ್ಲ ಮೀನು ಬರುತ್ತದೆ. ಮೊದಲ ವಾರದ ತಲೆನೋವಿಗೆ ಹೆದರಿ ಓಡಬೇಡಿ, ಸಾರಿಗೆ ಉಪ್ಪು ಸರಿಯಾಗಿ ಹಾಕಿ. ಜೀವನಪೂರ್ತಿ ಎಂದು ಯೋಚಿಸಬೇಡಿ, ಗುರುವಾರದವರೆಗೆ ಎಂದುಕೊಳ್ಳಿ. ತೂಗುವಾಗ ಬೆರಳು ದೂರ ಇರಲಿ. ಮನೆಯವರು ಮುನಿಸಿಕೊಂಡರೆ ವಾದಕ್ಕೆ ಹೋಗಬೇಡಿ. ನೀವು ಇಳಿಸಿದಷ್ಟು ತೂಕದ ತೆಂಗಿನಕಾಯಿಗಳನ್ನು ಅವರ ಮಡಿಲಿಗೆ ಹಾಕಿ, ಸ್ವಲ್ಪ ಹೊತ್ತು ಹಿಡಿದುಕೊಳ್ಳಲು ಹೇಳಿ. ಕಾಯಿ ಮಾತ್ರ ಚೌಕಾಸಿ ಮಾಡಿಯೇ ಕೊಳ್ಳಿ.