ಜೂಲಿಗೆ ಮನೆ ಬಿಟ್ಟುಕೊಟ್ಟ ಮುನಿಯಪ್ಪಣ್ಣ

ಮುನಿಯಪ್ಪಣ್ಣನ ಬಾಯಿಗಿಂತ ಮುಂಚೆ ಬೆರಳು ಮಾತಾಡುತ್ತಿತ್ತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕ್ರೇನಿನವನಿಗೆ ಕೆಳಗಿನಿಂದ ಸನ್ನೆ ಮಾಡಿದ ಕೈ ಅದು. ತೋರುಬೆರಳು ಮೇಲೆ ಮಾಡಿ ಸುತ್ತಿಸಿದರೆ ಎತ್ತು, ಕೆಳಗೆ ಮಾಡಿ ಸುತ್ತಿಸಿದರೆ ಇಳಿಸು, ಮುಷ್ಟಿ ಹಿಡಿದರೆ ನಿಲ್ಲಿಸು. ನಿವೃತ್ತರಾದ ಮೇಲೂ ಬಾಗಲಗುಂಟೆಯ ತಮ್ಮ ಮನೆಮುಂದೆ ನೀರಿನ ಟ್ಯಾಂಕರ್ ಹಿಂದಕ್ಕೆ ಬರುವಾಗ, ಯಾರೂ ಕೇಳದಿದ್ದರೂ ಕೈ ಎತ್ತಿಕೊಂಡು ನಿಂತಿರುತ್ತಿದ್ದರು. ಟೀ ಸಾಕು ಎನ್ನುವುದಕ್ಕೂ ಮುಷ್ಟಿಯೇ.

ನೆಲಮಟ್ಟದ ಮನೆಯಲ್ಲಿ ಅವರೊಬ್ಬರೇ, ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದ ಶಾಲಾ ಟೀಚರು ನಾನು. ಜತೆಗಿದ್ದವಳು ಜೂಲಿ, ಹದಿನಾಲ್ಕು ವರ್ಷದ ನಾಯಿ. ಅವಳ ಹಿಂಗಾಲುಗಳು ಸೋತಿದ್ದವು. ಆದರೂ ಮನೆಯೊಳಗೆ ಗಲೀಜು ಮಾಡಲು ಅವಳಿಗೆ ಪ್ರಾಣ ಹೋಗುವಷ್ಟು ನಾಚಿಕೆ, ದಿನಕ್ಕೆ ಮೂರು ಸಲ ಇಳಿಯಲೇಬೇಕು. ಎತ್ತಲು ನನ್ನಿಂದ ಆಗುತ್ತಿರಲಿಲ್ಲ. ಎಲ್ಲಾದರೂ ಆಶ್ರಯಕ್ಕೆ ಬಿಟ್ಟುಬಿಡಲೇ ಎಂದು ಒಂದು ದಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

"ಅಳಬ್ಯಾಡಿ ಟೀಚರಮ್ಮ. ಎಂಟು ಟನ್ ಮಿಷಿನ್ನೇ ಎತ್ತಿಸಿವ್ನಿ, ಈ ಮಗೀನ ಇಳಿಸಕಾಗಕಿಲ್ವಾ?" ಎಂದರು ಮುನಿಯಪ್ಪಣ್ಣ.

ಹಳೇ ಮಂಚದ ನವಾರು ಪಟ್ಟಿ ಬಿಚ್ಚಿ ಜೂಲಿಯ ಹೊಟ್ಟೆಗೆ ಸುತ್ತಿ, ತುದಿಗಳನ್ನು ನನ್ನ ಕೈಗೆ ಕೊಟ್ಟರು. ತಾವು ನನ್ನ ಪಕ್ಕ ನಿಂತು ಬೆರಳು ಸುತ್ತಿಸತೊಡಗಿದರು. ಇಳಿಯುವ ಹೊರೆಯ ಕೆಳಗೆ ಯಾರೂ ನಿಲ್ಲಬಾರದು ಎಂಬುದು ಕಾರ್ಖಾನೆಯ ನಿಯಮ. ಹಾಗಾಗಿ ಕೆಳಗಿನ ಮೆಟ್ಟಿಲುಗಳೆಲ್ಲ ಖಾಲಿ. ಮೂರನೆಯದರಲ್ಲಿ ಜೂಲಿಯ ಮುಂಗಾಲು ಜಾರಿತು, ನವಾರು ಕೈತಪ್ಪಿತು, ಅವಳು ಉರುಳಿಕೊಂಡು ತಿರುವಿನಲ್ಲಿ ಬಿದ್ದಳು. ಪುಣ್ಯಕ್ಕೆ ಪೆಟ್ಟಾಗಲಿಲ್ಲ.

ಮುನಿಯಪ್ಪಣ್ಣ ಕೆನ್ನೆಗೆ ಬಡಿದುಕೊಂಡರು. "ಮಿಷಿನ್ ಕೆಳಗೆ ನಿಂತ್ರೆ ನಾವ್ ಓಯ್ತೀವಿ. ಜೀವದ ಕೆಳಗೆ ನಿಲ್ದಿದ್ರೆ ಅದೇ ಓಯ್ತದೆ. ಇಷ್ಟು ತಿಳೀನಿಲ್ವಲ್ಲ ನಂಗೆ!"

ಅಂದಿನಿಂದ ಅವರು ಕೆಳಗೆ, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿಯುತ್ತ, ನಾನು ಮೇಲೆ, ನವಾರು ಹಿಡಿದು, ನಡುವೆ ಜೂಲಿ. ಬೆಳಗಿನ ಮಸುಕು ಬೆಳಕಿನಲ್ಲಿ, ದೂರದ ಕಾರ್ಖಾನೆಯ ಸೈರನ್ ಕೇಳುತ್ತ, ಮೂವರೂ ಅರೆನಿದ್ದೆಯಲ್ಲೇ ತೇಲುತ್ತಿದ್ದೇವೆ ಅನ್ನಿಸುತ್ತಿತ್ತು. ಮೆಟ್ಟಿಲು ಮುಗಿಯದಿರಲಿ ಎಂದೂ ಒಮ್ಮೊಮ್ಮೆ ಆಸೆಯಾಗುತ್ತಿತ್ತು.

ಮಳೆಗಾಲದಲ್ಲಿ ಜೂಲಿಯ ಮುಂಗಾಲುಗಳೂ ನಡುಗತೊಡಗಿದವು. "ನೀವು ಕೆಳೀಕೆ ಬಂದ್ಬಿಡಿ, ನಾನು ಮೇಲಕ್ಕೋಯ್ತೀನಿ," ಎಂದರು. ಮನೆ ಮಾಲೀಕರೇ ತಮ್ಮ ಮನೆ ಬಿಟ್ಟುಕೊಡುವುದೇ?

"ನಿಮಗೂ ವಯಸ್ಸಾಯ್ತಲ್ಲಣ್ಣ," ಎಂದೆ.

"ನಂಗೆ ನೋಯೋದು ಎರಡೇ ಕಾಲು. ಅದ್ಕೆ ನಾಕೂ ನೋಯ್ತವೆ."

ಮನೆ ಅದಲುಬದಲಾದ ದಿನ ಕೆಳಗೆ ಹಾಲುಕ್ಕಿಸಿದೆವು. ಮೊದಲ ಸೌಟು ಹಾಲನ್ನು ಆರಿಸಿ ಜೂಲಿಯ ಮುಂದಿಟ್ಟು, "ಮನೆ ಒಡತಿ ಕುಡೀಲಿ," ಎಂದು ನಕ್ಕರು.

ಎಂಟು ತಿಂಗಳು ಕಳೆದಿರಬಹುದು. ಒಂದು ಬೆಳಿಗ್ಗೆ ಅವರು ಕೆಳಗಿಳಿಯಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಡಾಕ್ಟರು ಹೃದಯ ನಿಂತಿತು ಎಂದರು. ಆ ಮೆಟ್ಟಿಲುಗಳನ್ನು ಅವರ ಮೇಲೆ ಹೇರಿದವಳು ನಾನೇ ಎಂಬ ಅಳುಕು ನನಗಿನ್ನೂ ಹೋಗಿಲ್ಲ.

ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಜೂಲಿ ಮೆಟ್ಟಿಲ ಬುಡಕ್ಕೆ ಬಂದು ಮುಂಗಾಲಿಟ್ಟು ನಿಂತಳು. ಬೇಡ ಎಂದರೂ ಕದಲಲಿಲ್ಲ. ನವಾರು ಕಟ್ಟಿ, ಅರ್ಧ ಗಂಟೆ ಒದ್ದಾಡಿ ಮೇಲೆ ಹತ್ತಿಸಿದೆ. ಬೀಗ ಹಾಕಿದ ಅವರ ಬಾಗಿಲನ್ನು ಉದ್ದಕ್ಕೂ ಮೂಸಿ, ಹೊಸಿಲಿಗೆ ತಲೆಯಿಟ್ಟು ಮಲಗಿಬಿಟ್ಟಳು. ಕರೆದೆ, ಬರಲಿಲ್ಲ. ಕರೆಯುವುದನ್ನು ಬಿಟ್ಟು ನಾನೂ ಪಕ್ಕದಲ್ಲೇ ಕೂತೆ.