ಗಾಜಿನ ನಾರು

ನಮ್ಮಲ್ಲಿ ನೀರು ಬರುವುದು ಬೆಳಿಗ್ಗೆ ಆರರಿಂದ ಏಳರವರೆಗೆ. ಇವತ್ತೂ ಎಂದಿನಂತೆ ಹಂಡೆ ತುಂಬಿಸಿ, ಹಾಲು ಕಾಯಿಸಿ, ಚಹಾಕ್ಕೆ ಶುಂಠಿ ಜಜ್ಜುತ್ತಿದ್ದೆ. ಮೆಟ್ಟಿಲಿನ ಕಡೆಯಿಂದ ಆ ವಾಸನೆ ಇಳಿದು ಬಂತು. ಕಳಿತ ಬಾಳೆಹಣ್ಣಿಗೆ ಸೀಮೆಎಣ್ಣೆ ಬೆರೆಸಿದ ಹಾಗೆ, ಸಿಹಿಯೂ ಹೌದು, ಘಾಟೂ ಹೌದು. ಹತ್ತಿ ನೋಡಿದರೆ, ಟೆರೇಸಿನ ಮೇಲೆ ಯಾರೋ ನೀರಿನ ಟಾಂಕಿಯ ಬಿರುಕಿಗೆ ಬಿಳಿ ಬಟ್ಟೆ ಅಂಟಿಸಿ ರಾಳ ಬಳಿಯುತ್ತಿದ್ದರು. ನನ್ನ ಶುಂಠಿ ಕಲ್ಲಿನ ಮೇಲೇ ಉಳಿಯಿತು...

ಮದುವೆಯಾಗಿ ಮಂಗಳೂರಿನಿಂದ ಈ ಮಹಾನಗರಕ್ಕೆ, ವಡಾಲದ ಈ ಬಿಲ್ಡಿಂಗಿಗೆ ನಾನು ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಎದುರು ಮನೆಯಲ್ಲಿ ಧಾರವಾಡ ಕಡೆಯ ಡ್ರಾಯಿಂಗ್ ಮಾಸ್ತರರಿದ್ದರು. ಒಂಟಿ ಜೀವ. ಶಾಲೆಯಲ್ಲಿ ಮಕ್ಕಳಿಂದ ಹೂಜಿ, ಮಾವಿನಹಣ್ಣು ಬರೆಸುತ್ತಿದ್ದರು. ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದರು; ಅದೂ ಹತ್ತೇ ದಿನಕ್ಕೆ ಸಮುದ್ರದ ಪಾಲು.

"ಜೀವಮಾನ ಪೂರಾ ಮುಳಗೂ ಮೂರ್ತೀನ ಮಾಡೇನಿ, ತಂಗಿ. ಬಯಲಾಗ ನಿಲ್ಲೂವಂಥಾದ್ದು ಒಂದರೆ ಮಾಡಬೇಕು," ಎನ್ನುತ್ತಿದ್ದರು.

ಕಾಲೊನಿಯ ಹೊಸ ತೋಟಕ್ಕೆ ಒಂದು ಮೂರ್ತಿ ಬೇಕೆಂಬ ಮಾತು ಬಂದಾಗ ಮಾಸ್ತರರು ತಾವಾಗಿ ಕೇಳಿ ಆ ಕೆಲಸ ವಹಿಸಿಕೊಂಡರು. ಕೊಡ ಹೊತ್ತ ಹೆಂಗಸು. ಇಲ್ಲಿಯ ಉಪ್ಪುಗಾಳಿಗೆ ಸಿಮೆಂಟಿನೊಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ, ಕಂಚು ಕೈಗೆಟುಕದು. ಬಂದರಿನಲ್ಲಿ ದೋಣಿ ರಿಪೇರಿ ಮಾಡುವ ಗೆಳೆಯನಿಂದ ಹೊಸ ಸಾಮಾನೊಂದನ್ನು ತಂದರು: ಒರಟು ಬಿಳಿ ಬಟ್ಟೆ, ಎರಡು ಡಬ್ಬಿ. ಡಬ್ಬಿಯ ತುಂಬ ಇಂಗ್ಲಿಷು.

"ಕಾನ್ವೆಂಟ್ ಕಲಿತಾಕಿ ನೀ. ಓದಿ ಹೇಳು."

ಫೈಬರ್ ಗ್ಲಾಸ್. ಸ್ವಲ್ಪ ಯೋಚಿಸಿ ಕನ್ನಡ ಮಾಡಿದೆ: ಗಾಜಿನ ನಾರು. ಅವರಿಗೆ ಬಹಳ ಹಿಡಿಸಿತು. ಬಾಳೆನಾರಿನಲ್ಲಿ ಹೂ ಕಟ್ಟುತ್ತಾರಲ್ಲ, ತಾವು ಗಾಜಿನ ನಾರಿನಲ್ಲಿ ಹೆಣ್ಣೊಂದನ್ನು ಕಟ್ಟುವುದಾಗಿ ಹೇಳಿ ನಕ್ಕರು.

ಎರಡು ತಿಂಗಳು ಟೆರೇಸಿನ ಮೇಲೆ ಕೆಲಸ. ಮಣ್ಣಿನ ಮೂರ್ತಿಯಿಂದ ಪ್ಲಾಸ್ಟರಿನ ಅಚ್ಚು ತೆಗೆದು, ಅಚ್ಚಿನೊಳಗೆ ಪದರ ಪದರವಾಗಿ ಬಟ್ಟೆಯಿಟ್ಟು ರಾಳ ಬಳಿದರು; ಮೆಟ್ಟಿಲ ತುಂಬ ಇದೇ ವಾಸನೆ. ನಾರು ತಾಗಿ ಮೊಣಕೈವರೆಗೆ ತುರಿಕೆ. ನಾನು ಬಟ್ಟಲಲ್ಲಿ ತೆಂಗಿನೆಣ್ಣೆ ಕೊಡುತ್ತಿದ್ದೆ. ಮುಗಿದ ದಿನ ನನ್ನನ್ನು ಕರೆದು, ಸುತ್ತಿಗೆಯಿಂದ ಆ ಹೆಂಗಸಿನ ಭುಜಕ್ಕೆ ಬಾರಿಸಿಯೇ ಬಿಟ್ಟರು. ನಾನು ಕಣ್ಣು ಮುಚ್ಚಿಕೊಂಡೆ. ಬಿಟ್ಟು ನೋಡಿದರೆ ಒಂದು ಬಿರುಕೂ ಇರಲಿಲ್ಲ.

ಭಾನುವಾರ ಕಾಲೊನಿಯ ಕಮಿಟಿಯವರು ಮೂರ್ತಿ ನೋಡಲು ಬಂದರು. ನಮ್ಮ ಮಾವನವರೇ ಅದರ ಅಧ್ಯಕ್ಷರು. ಉಡುಪಿಯ ಹೋಟೆಲಿನವರೊಬ್ಬರು ಮೂರ್ತಿಯನ್ನು ಸುತ್ತಿ ಬಂದು, "ಎಂತದ್ರಲ್ಲಿ ಮಾಡಿದ್ದು ಮಾಷ್ಟ್ರೇ?" ಎಂದರು.

ಮಾಸ್ತರರು ಹೆಮ್ಮೆಯಿಂದ ನನ್ನ ಕಡೆ ತಿರುಗಿದರು. "ತಂಗಿ ಹೇಳ್ತಾಳ. ಹೆಸರಿಟ್ಟಾಕಿ ಆಕೀನ."

"ಗಾಜಿನ ನಾರು," ಎಂದೆ.

"ಗಾಜಾ? ಮಕ್ಕಳು ಆಡುವಲ್ಲಿ ಗಾಜು ನಿಲ್ಲಿಸ್ಲಿಕ್ಕುಂಟಾ ಮಾರಾಯ್ರೆ!" ಹೋಟೆಲಿನವರು ಬೆರಳ ಗೆಣ್ಣಿನಿಂದ ಕೊಡವನ್ನು ಬಡಿದರು, ತೆಂಗಿನಕಾಯಿ ನೋಡುವ ಹಾಗೆ. "ಒಳಗೆ ಟೊಳ್ಳು ಬೇರೆ. ಎಳನೀರಿನ ಬೊಂಡ ಇದಕ್ಕಿಂತ ಗಟ್ಟಿ ಉಂಟು." ಎಲ್ಲರೂ ನಕ್ಕರು.

"ಸುತ್ತಿಗಿ ತರ್ತೇನ್ರಿ, ನೀವ ಹೊಡದು ನೋಡ್ರಿ," ಎಂದರು ಮಾಸ್ತರರು.

"ಬೇಡ ಬೇಡ, ಚೂರು ಹಾರಿ ಯಾರ ಕಣ್ಣಿಗಾದ್ರೂ ಬಿದ್ದೀತು," ಎಂದರು ಮಾವ. ಆಮೇಲೆ ನನಗೆ, "ನೀನು ಕೆಳಗೆ ಹೋಗಿ ಚಾ ಇಡು."

ಮಾಸ್ತರರು ನನ್ನನ್ನೇ ನೋಡುತ್ತಿದ್ದರು. ಆ ಸುತ್ತಿಗೆಯ ಏಟಿಗೆ ಸಾಕ್ಷಿ ನಾನೊಬ್ಬಳೇ. ಒಡೆಯುವುದಿಲ್ಲ ಎಂದು ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕಿತ್ತು? ನಾನು ಕೆಳಗಿಳಿದು ಏಳು ಲೋಟ ಚಹಾ ಮಾಡಿದೆ. ಸಕ್ಕರೆ ಯಾರಿಗೆ ಎಷ್ಟೆಂದು ಕೂಡ ತಪ್ಪಲಿಲ್ಲ...

ತೋಟಕ್ಕೆ ಸಿಮೆಂಟಿನ ಮೂರ್ತಿ ಬಂತು. ಮೂರನೆಯ ಮಳೆಗಾಲಕ್ಕೆ ಅದರ ಕೈ ಉದುರಿ, ತುಕ್ಕು ಹಿಡಿದ ಸರಳು ಹೊರಬಂತು. ಅಷ್ಟರೊಳಗೆ ಮಾಸ್ತರರು ವಿಕ್ರೋಳಿಯ ಅಕ್ಕನ ಮನೆಗೆ ಹೋಗಿಯಾಗಿತ್ತು. ಹೊರಡುವ ದಿನ ಎಣ್ಣೆಯ ಬಟ್ಟಲನ್ನು ತೊಳೆದು ನನ್ನ ಕೈಗಿಟ್ಟು, "ನೀ ಏನ ಸುಳ್ಳು ಹೇಳಲಿಲ್ಲ ಬಿಡು, ತಂಗಿ. ಅರ್ಧಾ ಹೇಳಿದಿ," ಎಂದರು. ಕೊಡ ಹೊತ್ತ ಆ ಹೆಂಗಸನ್ನು ಇಬ್ಬರೇ ಹೂವಿನ ಬುಟ್ಟಿಯಂತೆ ಎತ್ತಿ ಮೆಟ್ಟಿಲಿಳಿಸಿದರು. ಮಾಸ್ತರರು ತೀರಿಕೊಂಡ ಸುದ್ದಿ ನಮಗೆ ಮುಟ್ಟಿದ್ದು ಎಷ್ಟೋ ತಿಂಗಳ ಮೇಲೆ. ಅವಳು ಎಲ್ಲಿ ಹೋದಳೋ...

ಸಂಜೆ ಪಕ್ಕದ ಮನೆಯಾಕೆ ಮೊಸರಿಗೆ ಹೆಪ್ಪು ಕೇಳಲು ಬಂದಳು. ಬಾಗಿಲಲ್ಲೇ ನಿಂತು ಹೇಳಿದಳು: "ಟಾಂಕಿ ನೋಡಿದ್ರಾ? ಅದೆಂತದೋ ಗಾಜಂತೆ! ಸುತ್ತಿಗೆಯಲ್ಲಿ ಬಡಿದ್ರೂ ಒಡೆಯೋದಿಲ್ವಂತೆ. ಇಷ್ಟು ವರ್ಷ ನಮಗೆ ಯಾರಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ ಮಾರಾಯ್ರೆ!"