ಐವತ್ತೈದೋ ಅರವತ್ತೋ

ಇಂಡಸ್ಟ್ರಿಯಲ್ ಏರಿಯಾದ ಕೆಲವು ಕಾರ್ಖಾನೆಗಳವರು ಸೇರಿ ತಮ್ಮದೇ ಒಂದು ಫೈರ್ ಸ್ಟೇಷನ್ ಇಟ್ಟುಕೊಂಡಿದ್ದರು. ಎರಡು ಕೆಂಪು ಗಾಡಿ, ನಲವತ್ತು ಜನ. ಅವರ ಪಿಂಚಣಿಯ ಹೊಸ ನಿಯಮಗಳನ್ನು ಅವರಿಗೆ ವಿವರಿಸಿ ಬರಲು ನಮ್ಮ ಆಫೀಸಿನವರು ನನ್ನನ್ನು ಕಳಿಸಿದರು. ನಾನು ನೈರೋಬಿಗೆ ಬಂದು ಆಗ ಆರು ವರ್ಷವಾಗಿತ್ತು. ದಾವಣಗೆರೆಯಲ್ಲಿ ಸಂಖ್ಯಾಶಾಸ್ತ್ರ ಓದಿದ್ದೆ. ಇಲ್ಲಿ, ಕಂಪನಿಗಳಿಗೆ ಪಿಂಚಣಿಯ ಅಂದಾಜು ಮಾಡಿಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ. ಗಂಡ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಸೌತ್ ಬಿ ಎಂಬ ಬಡಾವಣೆಯಲ್ಲಿ ಮನೆ, ಹತ್ತು ವರ್ಷದ ಮಗಳು.

ಸ್ಟೇಷನ್ನಿನಲ್ಲಿ ಸಭೆಗೆಂದು ಬೇರೆ ಕೋಣೆ ಇರಲಿಲ್ಲ. ಒಂದು ಗಾಡಿಯನ್ನು ಹೊರಗೆ ನಿಲ್ಲಿಸಿ, ಆ ಜಾಗದಲ್ಲಿ ಬೆಂಚು ಹಾಕಿ, ನನ್ನ ಸ್ಲೈಡುಗಳನ್ನು ಗೋಡೆಯ ಮೇಲೆ ಬಿಟ್ಟರು. ನಾನು ಹೇಳಬೇಕಾದದ್ದು ಎರಡೇ ಸಂಗತಿ. ನಿವೃತ್ತಿಯ ವಯಸ್ಸು ಐವತ್ತೈದರಿಂದ ಅರವತ್ತಕ್ಕೆ ಏರುತ್ತದೆ. ಇಷ್ಟು ವರ್ಷ ದುಡಿದರೆ ಇಷ್ಟು ಎಂದು ಮೊದಲೇ ಗೊತ್ತಿರುತ್ತಿದ್ದ ಪಿಂಚಣಿ ಇನ್ನು ಮುಂದೆ ಷೇರು ಮಾರುಕಟ್ಟೆ ಹೇಗಿದೆಯೋ ಹಾಗೆ ಬರುತ್ತದೆ. ಇಷ್ಟನ್ನೇ ಮುಕ್ಕಾಲು ಗಂಟೆ ಎಳೆದು, ಬಣ್ಣಬಣ್ಣದ ಗೆರೆಗಳನ್ನು ತೋರಿಸಿ ಹೇಳಿದೆ. ಪ್ರಶ್ನೆಗಳಿದ್ದರೆ ಕೇಳಿ ಎಂದು ಪೆನ್ನಿನ ಮುಚ್ಚಳ ಹಾಕಿದೆ.

ಕೊನೆಗೆ ಹಿಂದಿನ ಬೆಂಚಿನಿಂದ ಅವರ ಮುಖ್ಯಸ್ಥರು ಎದ್ದರು. ಎತ್ತರದ ಮನುಷ್ಯ, ಕಿವಿಯ ಹತ್ತಿರ ಸುಟ್ಟು ಮುದುರಿದ ಚರ್ಮ. ಹಿರಿಯರನ್ನು ಅಲ್ಲಿ ಕರೆಯುವಂತೆ ಎಲ್ಲರೂ ಅವರನ್ನು ಮ್ಜೇ ಎನ್ನುತ್ತಿದ್ದರು.

"ಮ್ಯಾಡಮ್, ನಿಮ್ಮ ವಯಸ್ಸು ಕೇಳಬಹುದಾ?" ಇಂಗ್ಲಿಷಿಗೆ ಸ್ವಾಹಿಲಿ ಬೆರೆಸಿ ಕೇಳಿದರು.

"ಮೂವತ್ತೊಂಬತ್ತು."

"ನನಗಿಂತ ಹದಿನಾಲ್ಕು ವರ್ಷ ಚಿಕ್ಕವರು. ಬನ್ನಿ, ಇದನ್ನ ಒಂದು ಸಲ ಹಾಕ್ಕೊಂಡು ನೋಡಿ."

ದಪ್ಪ ಕೋಟು ತೊಡಿಸಿದರು. ತಲೆಗೆ ಹೆಲ್ಮೆಟ್ಟು, ಬೆನ್ನಿಗೆ ಗಾಳಿಯ ಸಿಲಿಂಡರು. ಪಟ್ಟಿ ಬಿಗಿದಾಗ ನಾನು ಹಿಂದಕ್ಕೆ ವಾಲಿ ಬೀಳುವುದರಲ್ಲಿದ್ದೆ, ಯಾರೋ ಹಿಡಿದುಕೊಂಡರು. ಅಂಗಳದ ಗೋಡೆಗೆ ಒರಗಿಸಿದ್ದ ಏಣಿಯನ್ನು ತೋರಿಸಿ, "ಹತ್ತಿ" ಎಂದರು. ಹಠಕ್ಕೆ ಹತ್ತಿದೆ. ಆರನೆಯ ಮೆಟ್ಟಿಲಿಗೆ ತೊಡೆ ನಡುಗತೊಡಗಿತು. ಕೆಳಗಿನಿಂದ ನಗು ಕೇಳಿಸಿತು, ಚುಚ್ಚುವ ನಗೆಯೇನಲ್ಲ. ಇಳಿದು ಬಂದಾಗ ಬೆವರಿಗೆ ಕಣ್ಣು ಉರಿಯುತ್ತಿತ್ತು.

"ಪೋಲೆ ಸಾನಾ," ಎಂದು ಅವರೇ ಕ್ಷಮೆ ಕೇಳಿ ಕುಡಿಯಲು ನೀರು ಕೊಟ್ಟರು. "ನಾವು ಇದರ ಜೊತೆ ಒಬ್ಬ ಮನುಷ್ಯನನ್ನೂ ಹೊತ್ತುಕೊಂಡು ಇಳೀತೀವಿ. ನನಗೀಗ ಐವತ್ತಮೂರು. ಐವತ್ತೊಂಬತ್ತರಲ್ಲಿ ಆಗುತ್ತಾ, ನೀವೇ ಹೇಳಿ. ಅಲ್ಲಾ, ಅರವತ್ತು ಅನ್ನೋ ಲೆಕ್ಕ ಹಾಕಿದವರು ಯಾರು?"

ನನಗೆ ಗೊತ್ತಿಲ್ಲ ಎಂದೆ. ಸುಳ್ಳು. ಆ ಲೆಕ್ಕ ಹಾಕಿದವಳು ನಾನೇ.

ಆ ಸಂಜೆ ಮನೆಯಲ್ಲಿ ಕಡತ ತೆರೆದೆ. ಒಬ್ಬ ಮನುಷ್ಯ ಯಾವ ವಯಸ್ಸಿನವರೆಗೆ ದುಡಿಯಬಲ್ಲ, ಆಮೇಲೆ ಎಷ್ಟು ವರ್ಷ ಬದುಕಬಹುದು ಎಂದು ಹೇಳುವ ಪಟ್ಟಿಯ ಮೇಲೆ ಇಡೀ ಲೆಕ್ಕ ನಿಂತಿರುತ್ತದೆ. ಬೆಂಕಿ ಆರಿಸುವವರಿಗೆ ಬೇರೆ ಪಟ್ಟಿ ಸಿಗದೆ, ಕಾರ್ಖಾನೆಗಳ ಗುಮಾಸ್ತರ ಪಟ್ಟಿಯನ್ನೇ ಇವರಿಗೂ ಹಾಕಿದ್ದೆ. ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರೇನೋ. ನಾನು ಕೇಳಿರಲಿಲ್ಲ.

"ಈಗೇನ್ ಮಾಡ್ತೀಯ?" ಎಂದರು ಗಂಡ.

"ಬಾಸ್‌ಗೆ ಹೇಳ್ತೀನಿ."

"ಹೇಳು. ಆದ್ರೆ ನಿರ್ಧಾರ ಮಾಡಿದೋರು ಆ ಕಾರ್ಖಾನೆಯೋರು ಕಣೇ. ನೀನು ಬರೀ ಲೆಕ್ಕ ಮಾಡಿಕೊಟ್ಟೆ."

"ಆ ಲೆಕ್ಕ ತೋರಿಸೇ ಅಲ್ವೇನ್ರೀ ಅವ್ರು ನಿರ್ಧಾರ ಮಾಡಿದ್ದು?"

ಅವರು ಕಡತವನ್ನು ತಮ್ಮ ಕಡೆ ಎಳೆದುಕೊಂಡು ಆ ಪಟ್ಟಿಯನ್ನು ಓದತೊಡಗಿದರು.

ನೈರೋಬಿಯ ನ್ಗಾರಾದಲ್ಲೇ ಹುಟ್ಟಿ ಬೆಳೆದ ನಮ್ಮ ಬಾಸ್ ಮೆದು ಮಾತಿನವರು. ಚಹಾ ತರಿಸಿ, ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡರು. ವರದಿ ಕೈ ಬಿಟ್ಟು ಹೋಗಿದೆ, ಕಾರ್ಖಾನೆಯವರು ಸಹಿಯನ್ನೂ ಹಾಕಿಯಾಗಿದೆ, ಈಗ ತಪ್ಪು ಎಂದರೆ ಸಂಸ್ಥೆಯ ಬಾಗಿಲು ಮುಚ್ಚಬೇಕಾಗುತ್ತದೆ ಎಂದರು. ಅದರ ಮುಂದಿನ ಸೋಮವಾರ ಸ್ಟೇಷನ್ನಿನವರು ಮುಷ್ಕರಕ್ಕೆ ಕೂತರು.

ನಾನು ಆಫೀಸಿಗೆ ಹೋಗುವ ಮಟಾಟು ವ್ಯಾನು ದಿನವೂ ಆ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಬೇಲಿಯುದ್ದಕ್ಕೂ ಹೆಲ್ಮೆಟ್ಟುಗಳನ್ನು ಸಾಲಾಗಿ ಇಟ್ಟು, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವರು ಕೂತಿರುತ್ತಿದ್ದರು. ಹಾಡಿಲ್ಲ, ಘೋಷಣೆಯಿಲ್ಲ. ನಾನು ತಲೆ ತಗ್ಗಿಸಿ ಮೊಬೈಲ್ ನೋಡುತ್ತಿದ್ದೆ. ಒಳಗಿನ ಗಾಡಿಗಳನ್ನು ಓಡಿಸಲು ಯಾವುದೋ ಸೆಕ್ಯುರಿಟಿ ಕಂಪನಿಯ ಹುಡುಗರನ್ನು ಕರೆಸಿದ್ದಾರೆ ಎಂಬ ಸುದ್ದಿಯಿತ್ತು. ಮನೆಯಲ್ಲಿ ನಾನು ಗ್ಯಾಸಿನ ತಿರುಪನ್ನು ಮತ್ತೆಮತ್ತೆ ಮುಟ್ಟಿ ನೋಡುತ್ತಿದ್ದೆ. ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತಿದ್ದೇನೆಯೇ ಎಂದು ಮೆಟ್ಟಿಲು ಇಳಿದವಳು ವಾಪಸ್ ಹತ್ತುತ್ತಿದ್ದೆ. "ಅಮ್ಮಾ, ಯು ಚೆಕ್ಡ್ ಆಲ್ರೆಡಿ!" ಎಂದು ಮಗಳು ರೇಗುತ್ತಿದ್ದಳು.

ಒಂಬತ್ತನೆಯ ದಿನ ಊಟದ ಹೊತ್ತಿನಲ್ಲಿ ಆಫೀಸಿನಿಂದ ಎದ್ದು ಸೀದಾ ಆ ಗೇಟಿಗೆ ಹೋದೆ. ಮ್ಜೇ ಕುರ್ಚಿ ಎಳೆದು ಕೊಟ್ಟರು. ನಿಂತುಕೊಂಡೇ ಹೇಳಿಬಿಟ್ಟೆ: "ಆ ಲೆಕ್ಕ ನನ್ನದೇ. ಗುಮಾಸ್ತರ ಪಟ್ಟಿ ನಿಮಗೆ ಹಾಕಿದ್ದೆ. ಅವತ್ತು ಗೊತ್ತಿಲ್ಲ ಅಂದದ್ದು ಸುಳ್ಳು."

ಅವರು ನನ್ನನ್ನೇ ನೋಡುತ್ತಿದ್ದರು. ಏನು ಹೇಳುತ್ತಿದ್ದರೋ ಗೊತ್ತಿಲ್ಲ. ಅಷ್ಟರಲ್ಲಿ ಒಬ್ಬ ಕೂಗಿ ಕೈ ತೋರಿಸಿದ. ನಾಲ್ಕು ಬೀದಿಗಳಾಚೆ ಕಪ್ಪು ಹೊಗೆ ಏಳುತ್ತಿತ್ತು.

"ಹಾಸಿಗೆಯ ಗೋಡೌನು," ಎಂದರು ಮ್ಜೇ, ಹೊಗೆಯ ಬಣ್ಣ ನೋಡಿಯೇ.

ಒಳಗಿನಿಂದ ಗಂಟೆ ಕೇಳಿಸಿತು. ಗಾಡಿ ಸ್ಟಾರ್ಟ್ ಆಗಿ ನಿಂತಿತು, ಮತ್ತೆ ಸ್ಟಾರ್ಟ್ ಆಯಿತು, ಗೇಟಿನ ಕಂಬಕ್ಕೆ ಉಜ್ಜಿಕೊಂಡು ಹೊರಬಿತ್ತು. ಮೇಲೆ ಕೂತವರ ಹೆಲ್ಮೆಟ್ಟಿನ ಪಟ್ಟಿಗಳು ಜೋತಾಡುತ್ತಿದ್ದವು. ಮುಷ್ಕರದವರೆಲ್ಲ ಎದ್ದು ನಿಂತಿದ್ದರು. ಹೋಗೋಣ ಎಂದು ಕೆಲವರು, ಹೋದರೆ ಒಂಬತ್ತು ದಿನ ಕೂತದ್ದು ಮಣ್ಣುಪಾಲು ಎಂದು ಕೆಲವರು. ಒಬ್ಬನನ್ನು ಇನ್ನೊಬ್ಬ ಅಂಗಿ ಹಿಡಿದು ಎಳೆದ. ಮ್ಜೇ ಒಬ್ಬನಿಗೆ ಬೈಕಿನ ಕೀ ಎಸೆದು, "ಒಳಗೆ ಜನ ಇದ್ದಾರಾ ನೋಡಿ ಫೋನ್ ಮಾಡು. ಜನ ಇದ್ದರೆ ಮಾತ್ರ ಹೋಗ್ತೀವಿ, ಸರಕಿಗಲ್ಲ" ಎಂದರು.

ಆಮೇಲೆ ಕಾದೆವು. ಎಷ್ಟು ಹೊತ್ತೆಂದು ನನಗೆ ಈಗಲೂ ಹೇಳಲಾಗುವುದಿಲ್ಲ. ಸುಟ್ಟ ರಬ್ಬರಿನ ವಾಸನೆ ಗಂಟಲಿಗೆ ಬಂತು. ನಾನು ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ ಹಾಕುತ್ತಿದ್ದೆ. ನಾನು ಬರೆದ ಒಂದು ಸಾಲು ಇವರನ್ನು ಈ ಬೇಲಿಯ ಹೊರಗೆ ಕೂರಿಸಿದೆ, ಅಲ್ಲಿ ಯಾರಾದರೂ ಉಸಿರು ಕಟ್ಟಿ ಬಿದ್ದಿದ್ದರೆ? ತಿರುಗಿ ನೋಡಿದರೆ ಮ್ಜೇ ಬೂಟು ಹಾಕಿಕೊಳ್ಳುತ್ತಿದ್ದರು. ಅವರನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಬೂಟು ಎಳೆದುಕೊಂಡರು. ಹೋಗಬೇಡಿ ಎಂದು ಕೂಗುತ್ತಿದ್ದವನೂ.

ಫೋನ್ ಬಂತು. ಕೆಲಸದವರೆಲ್ಲ ಊಟಕ್ಕೆ ಹೊರಗೆ ಹೋಗಿದ್ದರು. ಕಾವಲುಗಾರನೂ ರಸ್ತೆಯಲ್ಲಿದ್ದಾನೆ. ಒಳಗೆ ಯಾರೂ ಇಲ್ಲ.

ಮ್ಜೇ ಕೂತರು. "ಇಪ್ಪತ್ತೇಳು ವರ್ಷದಲ್ಲಿ ಬೆಂಕಿ ನೋಡಿಕೊಂಡು ಕೂತಿದ್ದು ಇದೇ ಮೊದಲು," ಎಂದರು. ಗೋಡೌನು ಸಂಜೆಯವರೆಗೂ ಉರಿದು ನೆಲಕ್ಕೆ ಕುಸಿಯಿತು. ಅವರು ಕೂತೇ ಇದ್ದರು. ನಾನು ಆಫೀಸಿಗೆ ವಾಪಸು ಹೋಗಲಿಲ್ಲ.

ಹೊರಡುವಾಗ ಅವರು ಕೇಳಿದ್ದು ಒಂದೇ: "ನಾಡಿದ್ದು ಮಾತುಕತೆ ಇದೆ. ನನಗೆ ಹೇಳಿದ್ದನ್ನ ಅಲ್ಲಿ ಹೇಳ್ತೀರಾ?"

ಹೇಳಿದೆ. ಉದ್ದನೆಯ ಮೇಜಿನ ಒಂದು ಬದಿಗೆ ಕಾರ್ಖಾನೆಯವರು, ಇನ್ನೊಂದು ಬದಿಗೆ ಸ್ಟೇಷನ್ನಿನವರು, ನಡುವೆ ನಮ್ಮ ಬಾಸ್ ಮತ್ತು ನಾನು. ಹಾಸಿಗೆ ಗೋಡೌನಿನ ಮಾಲೀಕರು ಅರ್ಧ ಗಂಟೆ ಕೂಗಾಡಿದರು. ಅವರ ಕೂಗು ನಿಂತ ಮೇಲೆ ನಾನು ಎದ್ದು, ಪಟ್ಟಿ ತಪ್ಪು, ಹಾಕಿದವಳು ನಾನು, ಏಣಿ ಹತ್ತುವವರನ್ನು ಗುಮಾಸ್ತರ ಜೊತೆ ಸೇರಿಸಬಾರದಿತ್ತು ಎಂದೆ. ಬಾಸ್ ಮುಖ ನೋಡಲು ಧೈರ್ಯವಾಗಲಿಲ್ಲ.

ನಾಲ್ಕು ದಿನದ ಮೇಲೆ ಒಪ್ಪಂದವಾಯಿತು. ವಯಸ್ಸು ಐವತ್ತೈದಕ್ಕೇ ಉಳಿಯಿತು. ಮಾರುಕಟ್ಟೆಗೆ ಕಟ್ಟಿದ ಪಿಂಚಣಿ ಮಾತ್ರ ಕದಲಲಿಲ್ಲ. ಅದರಲ್ಲಿ ಲೆಕ್ಕದ ತಪ್ಪಿರಲಿಲ್ಲ, ನಾನು ಹೇಳುವಂಥದ್ದೂ ಏನಿರಲಿಲ್ಲ. ಡಿಸೆಂಬರಿನಲ್ಲಿ ಬಾಸ್ ನನ್ನ ಕರಾರನ್ನು ಮುಂದುವರಿಸಲಿಲ್ಲ. ಬೈಯಲೂ ಇಲ್ಲ. ಮರುವರ್ಷ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡಲು ಸೇರಿದೆ.

ಮೂರು ವರ್ಷದ ನಂತರ ನ್ಗಾರಾದ ಒಂದು ಪೈಪಿನ ಅಂಗಡಿಯಲ್ಲಿ ಮ್ಜೇ ಸಿಕ್ಕರು. ನಿವೃತ್ತರಾಗಿ ಊರು ಸೇರಿದ್ದರು. ಹೆಂಡತಿಯ ತರಕಾರಿ ಮಡಿಗಳಿಗೆ ನೀರು ಹಾಯಿಸಲು ಪೈಪು ಕೊಳ್ಳಲು ಬಂದಿದ್ದರಂತೆ.

"ಪಿಂಚಣಿ ಬರುತ್ತಾ, ಮ್ಜೇ?"

"ಬರುತ್ತೆ. ಹೋದ ವರ್ಷದಷ್ಟು ಈ ವರ್ಷ ಇಲ್ಲ. ಮುಂದಿನ ವರ್ಷ ಎಷ್ಟು, ಯಾರನ್ನ ಕೇಳಲಿ?"

ನನ್ನನ್ನು ಕೇಳಿದ್ದಲ್ಲ ಅದು. ಆದರೂ ಒಂದು ಉತ್ತರ ಸಿಕ್ಕೀತೇನೋ ಎಂಬಂತೆ ನಾನು ಅಂಗಡಿಯವನ ಮುಖ ನೋಡಿದೆ. ಅವನು ಪೈಪು ಅಳೆಯುತ್ತಿದ್ದ. ಮ್ಜೇ ನನ್ನ ಮನೆಯವರೆಲ್ಲ ಹೇಗಿದ್ದಾರೆ ಎಂದು ವಿಚಾರಿಸಿ, ಸುರುಳಿಯನ್ನು ಹೆಗಲಿಗೇರಿಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಮನೆಗೆ ಬಂದು ಗಂಡನ ಹತ್ತಿರ ಅವರು ಸಿಕ್ಕಿದ್ದನ್ನು ಹೇಳಿದೆ. ಚೆನ್ನಾಗಿದ್ದಾರಾ ಎಂದು ಕೇಳಿದರು. ಹೌದು ಎಂದೆ. ಚೀಲವನ್ನು ಕೆಳಗಿಟ್ಟು, ಗೊತ್ತಿಲ್ಲ ಎಂದೆ.